ಗುಸ್ಟಾವ್ ಹೆರ್ಮನ್ ಕೃಂಬಿಗಲ್

ಗುಸ್ಟಾವ್ ಹೆರ್ಮನ್ ಕೃಂಬಿಗಲ್ (18 ಡಿಸೆಂಬರ್ 1865 – 8 ಫೆಬ್ರವರಿ 1956) ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನದ ಮೇಲ್ವಿಚಾರಕರಾಗಿದ್ದ ಜರ್ಮನ್ ಸಸ್ಯತಜ್ಞರು ಹಾಗೂ ಉದ್ಯಾನ ವಿನ್ಯಾಸಕಾರರು. ಬೆಂಗಳೂರಿಗೆ ಉದ್ಯಾನನಗರಿ ಎಂಬ ಹೆಸರು ಬರಲು ಕಾರಣರಾದವರಲ್ಲಿ ಇವರು ಪ್ರಮುಖರು.

ಆರಂಭಿಕ ಜೀವನ

ಕೃಂಬಿಗಲ್ ಜರ್ಮನಿಯ ಡ್ರೆಸ್ಡೆನ್ ನಗರದ ಸಮೀಪವಿರುವ ಲೋಮೆನ್ ಎಂಬ ಊರಿನಲ್ಲಿ ಜನಿಸಿದರು. ಪಿಲ್ನಿಟ್ಸ್‌ನಲ್ಲಿ ತೋಟಗಾರಿಕೆಯನ್ನು ಅಭ್ಯಸಿಸಿ, 1888ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂಪಾತಿಗಳನ್ನು ರೂಪಿಸಿದ ಬಳಿಕ ಪ್ರಸಿದ್ಧ ಕ್ಯೂ ಸಸ್ಯೋದ್ಯಾನದಲ್ಲಿ ಸೇವೆ ಸಲ್ಲಿಸಿದರು. 1893ರಲ್ಲಿ ಭಾರತಕ್ಕೆ ಬಂದು ಬರೋಡ ಸಂಸ್ಥಾನದ ಉದ್ಯಾನಗಳ ಹೊಣೆಯನ್ನು ವಹಿಸಿಕೊಂಡರು.

ಲಾಲ್‌ಬಾಗ್

ನಾಲ್ವಡಿ ಕೃಷ್ಣರಾಜ ಒಡೆಯರ ಆಹ್ವಾನದ ಮೇರೆಗೆ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೃಂಬಿಗಲ್, ಜಾನ್ ಕ್ಯಾಮರಾನ್ ಅವರ ನಂತರ ಲಾಲ್‌ಬಾಗ್‌ನ ಆಡಳಿತವನ್ನು ವಹಿಸಿಕೊಂಡರು. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟದ ಸೊಬಗಿಗೆ ಅಲ್ಲಿನ ಬೃಹತ್ ಬಂಡೆಯೂ ಕಾರಣ. ಸುಮಾರು 300 ಕೋಟಿ ವರ್ಷ ಹಳೆಯದಾದ, ಕೆಂಪೇಗೌಡ ಗೋಪುರವನ್ನು ಹೊತ್ತಿರುವ ಈ ನೈಸ್ ಶಿಲೆ ಇಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ.

ಕೃಂಬಿಗಲ್ ವಿದೇಶಿ ಸಂಸ್ಥೆಗಳೊಂದಿಗೆ ಬೀಜ ಮತ್ತು ಸಸಿಗಳನ್ನು ವಿನಿಮಯ ಮಾಡಿಕೊಂಡು ಹಲವು ಹೊಸ ಸಸ್ಯಗಳನ್ನು ಇಲ್ಲಿಗೆ ತಂದರು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಸ್ಥಾಪನೆಯಾಯಿತು. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನದ ವಿನ್ಯಾಸದಲ್ಲಿಯೂ ಇವರ ಕೈವಾಡವಿದೆ. ಆದರೆ ಇವರ ಹೆಸರನ್ನು ಉಳಿಸಿರುವುದು ಮುಖ್ಯವಾಗಿ ಸಾಲುಮರಗಳ ಕಲ್ಪನೆ. ಒಂದು ಜಾತಿಯ ಮರಗಳು ಹೂ ಮುಗಿಸುವ ವೇಳೆಗೆ ಬೇರೊಂದು ಜಾತಿ ಅರಳುವಂತೆ ಆಯ್ದು ನೆಟ್ಟರೆ, ನಗರದಲ್ಲಿ ವರ್ಷವಿಡೀ ಹೂವಿರುತ್ತದೆ ಎಂಬುದು ಅದರ ತಿರುಳು. ತಬೇಬುಯ, ಜಕರಂಡ, ಗುಲ್ಮೊಹರ್‌ಗಳು ಒಂದರ ಹಿಂದೊಂದು ಅರಳುವುದನ್ನು ಇಂದಿಗೂ ಕಾಣಬಹುದು. ನಗರದ ಮರಗಳೆಲ್ಲವನ್ನೂ ಇವರೇ ನೆಡಿಸಿದರೆಂಬ ಜನಪ್ರಿಯ ನಂಬಿಕೆ ಮಾತ್ರ ಸರಿಯಲ್ಲ; ಎಂ.ಎಚ್. ಮರಿಗೌಡ, ಎಸ್.ಜಿ. ನೇಗಿನಹಾಳ ಮೊದಲಾದವರ ಕಾಲದ ನೆಡುವಿಕೆಯೂ ಇದರಲ್ಲಿ ಸೇರಿದೆ.

ಯುದ್ಧಕಾಲ ಮತ್ತು ನಿವೃತ್ತಿ

ಜರ್ಮನ್ ಪ್ರಜೆಯಾಗಿದ್ದ ಕಾರಣ ಎರಡೂ ಮಹಾಯುದ್ಧಗಳ ಕಾಲದಲ್ಲಿ ಬ್ರಿಟಿಷರು ಇವರನ್ನು ಶತ್ರುದೇಶದವರೆಂದು ಬಂಧನದಲ್ಲಿರಿಸಿದರು. ಮೈಸೂರು ಸಂಸ್ಥಾನಕ್ಕೆ ದುಡಿಯುತ್ತಿದ್ದುದು ಈ ವಿಷಯದಲ್ಲಿ ನೆರವಾಗಲಿಲ್ಲ. 1932ರಲ್ಲಿ ನಿವೃತ್ತರಾದಾಗ ಎಚ್.ಸಿ. ಜವರಾಯ ಇವರ ಉತ್ತರಾಧಿಕಾರಿಯಾದರು. ಕೃಂಬಿಗಲ್ ತಾಯ್ನಾಡಿನಲ್ಲಿ ನೆಲೆಸದೆ ಬೆಂಗಳೂರಿನಲ್ಲಿಯೇ ಉಳಿದು, 90ನೆಯ ವಯಸ್ಸಿನಲ್ಲಿ ನಿಧನರಾದರು.

ಸ್ಮಾರಕಗಳು

ಲಾಲ್‌ಬಾಗ್ ಪಕ್ಕದ ಕೃಂಬಿಗಲ್ ರಸ್ತೆ ಇವರ ಹೆಸರನ್ನು ಹೊತ್ತಿದೆ. ಹೊಸೂರು ರಸ್ತೆಯ ಸ್ಮಶಾನದಲ್ಲಿರುವ ಸಮಾಧಿಯನ್ನು ವಂಶಸ್ಥರ ಮುತುವರ್ಜಿಯಿಂದ ಜೀರ್ಣೋದ್ಧಾರ ಮಾಡಲಾಗಿದೆ. ಉದ್ಯಾನದೊಳಗಿನ ಕೃಂಬಿಗಲ್ ಸಭಾಂಗಣಕ್ಕೆ ಆ ಭಾಗ್ಯ ದೊರೆಯಲಿಲ್ಲ. ಬಹುಕಾಲ ಶಿಥಿಲಾವಸ್ಥೆಯಲ್ಲಿದ್ದ ಆ ಹಳೆಯ ಕಟ್ಟಡವನ್ನು 2017ರಲ್ಲಿ ಕೆಡವಲಾಯಿತು.