ನಾಟ್ಯವಿದುಷಿ ಬಾಲಸರಸ್ವತಿ

ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಎಂಬ ದೇವರನಾಮವನ್ನು ಕೇಳದ ಕನ್ನಡ ಮಕ್ಕಳು ವಿರಳ. ಈ ಕನ್ನಡ ಪದವನ್ನು ತಮ್ಮ ಅಭಿನಯದಿಂದ ದೇಶವಿದೇಶಗಳ ರಸಿಕರ ಮನಸ್ಸಿಗೆ ಮುಟ್ಟಿಸಿದ ಕೀರ್ತಿ ತಮಿಳುನಾಡಿನ ಓರ್ವ ಮಹಿಳೆಗೆ ಸಲ್ಲುತ್ತದೆ. ಅವರೇ ಭರತನಾಟ್ಯದ ಮಹಾವಿದುಷಿ ಬಾಲಸರಸ್ವತಿಯವರು.

ನಾವು ವಾಸವಾಗಿರುವ ಇದೇ ಮದರಾಸಿನಲ್ಲಿ, ಅಂದರೆ ಇಂದಿನ ಚೆನ್ನೈ ನಗರದಲ್ಲಿ, 1918ನೆಯ ಇಸವಿ ಮೇ 13ರಂದು ಅವರ ಜನನವಾಯಿತು. ಸಂಗೀತ ನೃತ್ಯಗಳು ಆ ಮನೆಗೆ ತಲೆಮಾರುಗಳಿಂದ ಬಂದ ಆಸ್ತಿ. ಅಜ್ಜಿ ಪ್ರಖ್ಯಾತ ವೈಣಿಕರಾದ ವೀಣಾ ಧನಮ್ಮಾಳ್. ತಾಯಿ ಜಯಮ್ಮಾಳ್ ಉತ್ತಮ ಗಾಯಕಿ. ಬಾಲಿಕೆಯು ಎಳೆಯ ವಯಸ್ಸಿನಲ್ಲಿಯೇ ಕಂದಪ್ಪ ಪಿಳ್ಳೆಯವರ ಶಿಷ್ಯೆಯಾದಳು. ಅವರು ತಂಜಾವೂರಿನ ಸುಪ್ರಸಿದ್ಧ ನಾಟ್ಯಾಚಾರ್ಯರಾದ ನಾಲ್ವರು ಸಹೋದರರ ವಂಶದವರು. ಆ ಸಹೋದರರಲ್ಲೊಬ್ಬರಾದ ಚಿನ್ನಯ್ಯನವರು ಮೈಸೂರು ಅರಸರ ಆಸ್ಥಾನದಲ್ಲಿ ಆಶ್ರಯ ಪಡೆದಿದ್ದರು. ಕಂದಪ್ಪನವರ ಶಿಕ್ಷಣ ಬಹಳ ಕಠಿಣವಾದುದು. ಅದರ ಫಲವಾಗಿ 1925ರಲ್ಲಿ, ಏಳರ ಪ್ರಾಯದಲ್ಲಿ, ಕಂಚಿಯ ಕಾಮಾಕ್ಷಿಯ ಸನ್ನಿಧಿಯಲ್ಲಿ ಬಾಲೆಯ ಪ್ರಥಮ ನೃತ್ಯಸೇವೆ ನೆರವೇರಿತು.

ಆದರೆ ಕಾಲವು ಅನುಕೂಲವಾಗಿರಲಿಲ್ಲ. ಬಾಲಸರಸ್ವತಿಯವರು ಜನಿಸಿದುದು ದೇವದಾಸಿ ಮನೆತನದಲ್ಲಿ. ಹೆಣ್ಣುಮಕ್ಕಳನ್ನು ದೇವಾಲಯಗಳಿಗೆ ಅರ್ಪಿಸುವ ಪದ್ಧತಿಯ ವಿರುದ್ಧ ಆಗ ಚಳವಳಿ ನಡೆಯುತ್ತಿತ್ತು. 1947ರಲ್ಲಿ ಮದರಾಸು ಸರ್ಕಾರವು ಕಾನೂನಿನ ಮೂಲಕ ಅದನ್ನು ನಿಷೇಧಿಸಿತು. ಪದ್ಧತಿ ಅಳಿದುದು ನ್ಯಾಯವೇ. ಆದರೆ ಅದರೊಡನೆ ಆ ಮನೆಗಳು ಕಾಪಾಡಿಕೊಂಡು ಬಂದ ವಿದ್ಯೆಯೂ ತಿರಸ್ಕಾರಕ್ಕೆ ಗುರಿಯಾಯಿತು. 1941ರಲ್ಲಿ ಗುರುಗಳು ತೀರಿಕೊಂಡರು. ಅನಾರೋಗ್ಯವೂ ಕಾಡಿತು. ಆದರೂ ಬಾಲಸರಸ್ವತಿಯವರು ತಮ್ಮ ವಿದ್ಯೆಯನ್ನು ಕೈಬಿಡಲಿಲ್ಲ.

ಅವರ ಕಲೆಯ ಜೀವಾಳವೇ ಮನೋಧರ್ಮ. ಮೊದಲೇ ಸಿದ್ಧಪಡಿಸಿಕೊಳ್ಳದೆ ಆ ಕ್ಷಣದಲ್ಲಿ ಹೊಳೆದ ಭಾವವನ್ನು ರಾಗ ತಾಳಗಳ ಕಟ್ಟಿನೊಳಗೆ ವ್ಯಕ್ತಪಡಿಸುವುದಕ್ಕೆ ಈ ಹೆಸರು. ತಾಯಿ ಜಯಮ್ಮಾಳ್ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವರು. ಮಗಳು ಪ್ರತಿಸಲವೂ ಅದಕ್ಕೆ ಹೊಸ ಅರ್ಥವನ್ನು ತೋರುವರು. ಬಾ ಎಂಬುದು ಒಂದೇ ಮಾತು. ಆದರೆ ತಾಯಿ ಮಗುವನ್ನು ಮುದ್ದಿನಿಂದ ಕರೆಯಬಹುದು, ಹುಸಿಕೋಪದಿಂದ ಗದರಿಸಬಹುದು, ಬಾರದಿದ್ದಾಗ ಬೇಡಿಕೊಳ್ಳಬಹುದು. ಆ ಮಗುವಿನ ಬಾಯಲ್ಲಿ ಮೂರು ಲೋಕಗಳನ್ನೂ ಕಂಡು ಬೆರಗಾಗಲೂಬಹುದು. ಇವುಗಳಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಅಂದಿನ ಗಾನವೇ ನಿರ್ಧರಿಸುತ್ತಿತ್ತು. ಆದುದರಿಂದ ನಿನ್ನೆ ಕಂಡವರಿಗೂ ಇಂದಿನ ನೃತ್ಯ ಹೊಸತಾಗಿಯೇ ತೋರುತ್ತಿತ್ತು. ಇಷ್ಟಾದರೂ ತಾಳ ತಪ್ಪುತ್ತಿರಲಿಲ್ಲ, ಪದದ ಅರ್ಥ ಕೆಡುತ್ತಿರಲಿಲ್ಲ.

ಮನೋಧರ್ಮವೆಂದರೆ ಮನಸ್ಸಿಗೆ ಬಂದಂತೆ ಕುಣಿಯುವುದು ಎಂದು ತಿಳಿಯಬಾರದು. ಎಳವೆಯಿಂದ ಅಡವುಗಳನ್ನು ತಿದ್ದಿ ತೀಡಿ, ನೂರಾರು ಪದಗಳನ್ನು ಅರ್ಥಸಹಿತ ಕಂಠಸ್ಥ ಮಾಡಿಕೊಂಡವರಿಗೆ ಮಾತ್ರ ಆ ಸ್ವಾತಂತ್ರ್ಯ ದೊರೆಯುತ್ತದೆ. ಬಾಲಸರಸ್ವತಿಯವರು ಸ್ವತಃ ಹಾಡಬಲ್ಲವರಾಗಿದ್ದರು, ಹಾಡುತ್ತಲೇ ಅಭಿನಯಿಸಬಲ್ಲವರಾಗಿದ್ದರು.

1953ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಆಶ್ರಯದಲ್ಲಿ ಅವರ ನೃತ್ಯಶಾಲೆ ಆರಂಭವಾಯಿತು. 1961ರಲ್ಲಿ ಜಪಾನಿನಲ್ಲಿಯೂ 1962ರಲ್ಲಿ ಅಮೆರಿಕದಲ್ಲಿಯೂ 1963ರಲ್ಲಿ ಎಡಿನ್‌ಬರೋ ಉತ್ಸವದಲ್ಲಿಯೂ ಅವರು ನರ್ತಿಸಿದರು. ನಮ್ಮ ನುಡಿಯರಿಯದ ಜನರೂ ಮಾರುಹೋದರು. 1973ರಲ್ಲಿ ಸಂಗೀತ ಕಲಾನಿಧಿ ಎಂಬ ಗೌರವವನ್ನು ಪಡೆದ ಮೊದಲ ನರ್ತಕಿ ಅವರಾದರು. 1977ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಲಭಿಸಿತು. ಸತ್ಯಜಿತ್ ರಾಯ್ ಅವರು 1976ರಲ್ಲಿ ತಯಾರಿಸಿದ ‘ಬಾಲಾ’ ಚಿತ್ರದಲ್ಲಿ, ಕಡಲತೀರದ ಗಾಳಿಗೆ ಸೀರೆಯ ಸೆರಗು ಹಾರುತ್ತಿರಲು, ಅವರು ವ್ಯಾಸರಾಯರ ಅದೇ ಪದವನ್ನು ಅಭಿನಯಿಸಿರುವುದನ್ನು ಇಂದಿಗೂ ನೋಡಬಹುದು. 1984ನೆಯ ಇಸವಿ ಫೆಬ್ರವರಿ 9ರಂದು ಅವರು ದೈವಾಧೀನರಾದರು.

ವಿದ್ಯಾರ್ಥಿ ಮಿತ್ರರೇ, ಪಾಠವನ್ನು ಕಂಠಪಾಠ ಮಾಡುವಾಗ ಬೇಸರವೆನಿಸುವುದು ಸಹಜ. ಆದರೆ ಚೆನ್ನಾಗಿ ಕಲಿತ ವಿದ್ಯೆ ನಮ್ಮನ್ನು ಬಂಧಿಸುವುದಿಲ್ಲ. ಸಮಯ ಬಂದಾಗ ನಮ್ಮದೇ ಆದ ಮಾತನ್ನು ಅದು ನಮ್ಮಿಂದ ಆಡಿಸುತ್ತದೆ. ಬಾಲಸರಸ್ವತಿಯವರ ಜೀವನವು ಇದಕ್ಕೆ ಸಾಕ್ಷಿ.