ಗಾಯಗಳನ್ನು ಕಣ್ಣಾರೆ ನೋಡಿದ ವೈದ್ಯನು: ಆಂಬ್ರೋಸ್ ಪಾರೆಯ ಚರಿತ್ರೆ

ಮನೆಯಲ್ಲಿ ವೃದ್ಧರಾಗಲಿ ರೋಗಿಗಳಾಗಲಿ ಬಹು ದಿವಸ ಹಾಸಿಗೆ ಹಿಡಿದು ಮಲಗಿರುವಾಗ ಅವರ ಟೊಂಕದ ಕೆಳಗೆ ಹುಣ್ಣು ಬೀಳುವದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಮೊದಲು ಚರ್ಮವು ಬಣ್ಣಗೆಡುವದು, ಬಳಿಕ ಒಡೆಯುವದು, ಕಡೆಗೆ ಎಲುಬಿನ ವರೆಗೂ ಆಳವಾಗುವದು. ಇದು ಹಣೆಯಲ್ಲಿ ಬರೆದದ್ದು, ಮಾಡತಕ್ಕದ್ದೇನೂ ಇಲ್ಲವೆಂದು ಕೈಕಟ್ಟಿ ಕೂತುಕೊಳ್ಳುವವರು ಉಂಟು. ನೆರೆಯವರು ಹೇಳಿದ ಯಾವದೋ ಲೇಪವನ್ನು ಹಚ್ಚಿ ಮುಚ್ಚಿ, ಮತ್ತೆ ತೆರೆದು ನೋಡದೆ ಬಿಡುವವರೂ ಉಂಟು. ಆದರೆ ಗಾಯವನ್ನು ದಿನದಿನವೂ ನೋಡಬೇಕು, ಗಾಯದೊಂದಿಗೆ ಗಾಯಗೊಂಡ ಮನುಷ್ಯನನ್ನೂ ನೋಡಬೇಕು ಎಂಬದನ್ನು ನಾಲ್ಕು ನೂರು ವರುಷಗಳಿಗಿಂತ ಹಿಂದೆಯೇ ತನ್ನ ಕೆಲಸದಿಂದ ತೋರಿಸಿಕೊಟ್ಟ ಒಬ್ಬ ಮನುಷ್ಯನಿದ್ದನು. ಆತನ ಚರಿತ್ರೆಯನ್ನು ಈ ಸಾರಿ ಸಂಕ್ಷೇಪವಾಗಿ ಬರೆಯುತ್ತೇವೆ.

ಆಂಬ್ರೋಸ್ ಪಾರೆ ಎಂಬವನು ಸುಮಾರು 1510ರಲ್ಲಿ ಫ್ರಾನ್ಸ್ ದೇಶದ ಲಾವಾಲ್ ಎಂಬ ಊರಿನ ಬಳಿಯಲ್ಲಿ ಹುಟ್ಟಿದನು. ಆ ಕಾಲದಲ್ಲಿ ಲತೀನ್ ಭಾಷೆಯನ್ನು ಓದಿದ ಪಂಡಿತ ವೈದ್ಯರು ರೋಗಿಗೆ ಔಷಧವನ್ನು ಹೇಳುತ್ತಿದ್ದರು. ರಕ್ತವನ್ನೂ ಕೀವನ್ನೂ ಮುಟ್ಟುವ ಕೆಲಸವನ್ನಾದರೋ ಹೀನವೆಂದೆಣಿಸಿ ಕ್ಷೌರಿಕರಿಗೆ ಬಿಟ್ಟುಬಿಡುತ್ತಿದ್ದರು. ನಮ್ಮ ಸೀಮೆಯ ಹಳ್ಳಿಗಳಲ್ಲಿಯೂ ಕುರು ಕೊಯ್ಯುವ ಕೆಲಸವು ಕ್ಷೌರಿಕರ ಪಾಲಿಗೆ ಇತ್ತೆಂಬದನ್ನು ಹಿರಿಯರು ಬಲ್ಲರು. ಪಾರೆಯು ಈ ಕಸಬನ್ನೇ ಕಲಿತನು. ಲತೀನ್ ಭಾಷೆಯು ಆತನಿಗೆ ಬರುತ್ತಿರಲಿಲ್ಲ. ಆದರೆ ಪಾರಿಸ್ ಪಟ್ಟಣದಲ್ಲಿ ಬಡವರಿಗಾಗಿದ್ದ ಒತೆಲ್ ದ್ಯೂ ಎಂಬ ದೊಡ್ಡ ಆಸ್ಪತ್ರೆಯಲ್ಲಿ ಸುಮಾರು ಮೂರು ವರುಷ ಇದ್ದು, ಬಗೆಬಗೆಯ ರೋಗಗಳನ್ನೂ ಹುಣ್ಣುಗಳನ್ನೂ ಹತ್ತಿರದಿಂದ ನೋಡಿ ಕಲಿತನು.

1537ರ ಸುಮಾರಿಗೆ ಆತನು ಫ್ರಾನ್ಸಿನ ಅರಸನ ದಂಡಿನೊಂದಿಗೆ ಇತಾಲ್ಯ ದೇಶದ ಯುದ್ಧಕ್ಕೆ ಹೋದನು. ಅಲ್ಲಿ ಒಂದು ಲಾಯದಲ್ಲಿ ಮದ್ದಿನ ಬೆಂಕಿಯಿಂದ ಸುಟ್ಟು ಮುಖದ ಗುರುತೇ ಕೆಟ್ಟುಹೋಗಿದ್ದ ಮೂವರು ಸಿಪಾಯಿಗಳನ್ನು ಕಂಡನು. ಇವರನ್ನು ವಾಸಿಮಾಡುವ ಉಪಾಯವುಂಟೋ ಎಂದು ಒಬ್ಬ ಮುದಿ ಸಿಪಾಯಿಯು ಕೇಳಲು, ಪಾರೆಯು ಇಲ್ಲವೆಂದನು. ಕೂಡಲೆ ಆ ಮುದುಕನು ಸಿಟ್ಟಿಲ್ಲದೆ, ಮೆಲ್ಲಗೆ, ಆ ಮೂವರ ಕತ್ತನ್ನು ಕೊಯ್ದನು. ಪಾರೆಯು ಅವನನ್ನು ಗದರಿಸಿದಾಗ ಅವನು, ತನಗೆ ಇಂಥ ಗತಿ ಬಂದರೆ ತನಗೂ ಯಾರಾದರೂ ಹೀಗೆಯೇ ಮಾಡಲೆಂದು ದೇವರನ್ನು ಬೇಡುವೆನೆಂದು ಉತ್ತರಕೊಟ್ಟನು. ಗಾಯಗೊಂಡವನಿಗೆ ಸಾವಿನ ಹೊರತು ಬೇರೆ ಉಪಕಾರವಿಲ್ಲವೆಂದು ಜನರು ನಂಬಿದ್ದ ಕಾಲವದು.

ಬಂದೂಕಿನ ಗಾಯಗಳಲ್ಲಿ ಮದ್ದಿನ ವಿಷವಿರುವದೆಂದೂ ಅದನ್ನು ಕಾದ ಎಣ್ಣೆಯಿಂದ ಸುಡಬೇಕೆಂದೂ ಆಗಿನ ಪುಸ್ತಕಗಳು ಕಲಿಸುತ್ತಿದ್ದವು. ಮಿಕ್ಕ ವೈದ್ಯರು ಮಾಡುವದನ್ನು ನೋಡಿ ಪಾರೆಯೂ ಹಾಗೆಯೇ ಮಾಡಿದನು. ಒಂದು ದಿನ ಗಾಯಾಳುಗಳು ಬಹು ಮಂದಿಯಾದದರಿಂದ ಎಣ್ಣೆ ಮುಗಿದುಹೋಯಿತು. ಬೇರೆ ದಾರಿಯಿಲ್ಲದೆ ಆತನು ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಇವುಗಳನ್ನು ಕಲಸಿ ಉಳಿದವರ ಗಾಯಗಳಿಗೆ ಹಚ್ಚಿದನು. ಸುಡದೆ ಬಿಟ್ಟವರು ವಿಷವೇರಿ ಸತ್ತಿರುವರೆಂಬ ಭಯದಿಂದ ಆ ರಾತ್ರಿ ಆತನಿಗೆ ನಿದ್ರೆ ಬರಲಿಲ್ಲ. ಮುಂಜಾನೆ ಬೇಗ ಎದ್ದು ಒಬ್ಬೊಬ್ಬನ ಬಳಿಗೂ ಹೋಗಿ ಪಟ್ಟಿ ಬಿಚ್ಚಿ ನೋಡಿದನು. ಲೇಪ ಹಚ್ಚಿಸಿಕೊಂಡವರಿಗೆ ನೋವು ಕಡಿಮೆ, ಬಾವು ಇಲ್ಲ, ರಾತ್ರಿ ತಕ್ಕಮಟ್ಟಿಗೆ ನಿದ್ರೆಯೂ ಬಂದಿತ್ತು. ಎಣ್ಣೆಯಿಂದ ಸುಟ್ಟವರಿಗಾದರೋ ಜ್ವರ, ಕಠಿನವಾದ ನೋವು, ಗಾಯದ ಸುತ್ತಲೂ ಊತ. ಗಾಯಗೊಂಡ ಬಡವರನ್ನು ಇನ್ನು ಮೇಲೆ ಹೀಗೆ ಕ್ರೂರವಾಗಿ ಸುಡಲಾರೆನೆಂದು ಆತನು ಅಂದೇ ನಿಶ್ಚಯಿಸಿಕೊಂಡನು.

ಆತನ ಲೇಪವನ್ನು ನಾವು ಈ ದಿನ ಉಪಯೋಗಿಸತಕ್ಕದ್ದಲ್ಲ. ಗಾಯವನ್ನು ಕೊಳೆಯಿಸುವ ಸೂಕ್ಷ್ಮ ಕ್ರಿಮಿಗಳ ಸಂಗತಿಯು ಆಗ ಯಾರಿಗೂ ತಿಳಿದಿರಲಿಲ್ಲ. ಅದು ತಿಳಿದದ್ದು ಮುನ್ನೂರು ವರುಷಗಳ ಮೇಲೆ. ಕಾದ ಎಣ್ಣೆಯು ಜೀವವಿದ್ದ ಮಾಂಸವನ್ನೂ ಸಾಯಿಸುವದು; ಸತ್ತ ಮಾಂಸದಲ್ಲಿ ಆ ಕ್ರಿಮಿಗಳು ಬಲಗೊಳ್ಳುವವು. ಪಾರೆಯು ಇದನ್ನು ಅರಿಯದಿದ್ದರೂ ನೋವು, ಜ್ವರ, ಊತ, ನಿದ್ರೆ ಈ ನಾಲ್ಕನ್ನು ವಿಚಾರಿಸಿ, ಒಬ್ಬನ ಗಾಯವನ್ನು ಮತ್ತೊಬ್ಬನ ಗಾಯದೊಂದಿಗೆ ಹೋಲಿಸಿ ಸತ್ಯವನ್ನು ಕಂಡುಕೊಂಡನು. ಅದೇ ಯುದ್ಧಕಾಲದಲ್ಲಿ ಅಡಿಗೆಯ ಹುಡುಗನೊಬ್ಬನು ಕಾದ ಎಣ್ಣೆಯಲ್ಲಿ ಬಿದ್ದಾಗ, ಹಳ್ಳಿಯ ಮುದುಕಿಯೊಬ್ಬಳು ಈರುಳ್ಳಿಯನ್ನೂ ಉಪ್ಪನ್ನೂ ಜಜ್ಜಿ ಹಚ್ಚಬೇಕೆಂದಳು. ಪಾರೆಯು ಅವಳನ್ನು ನಗಲೂ ಇಲ್ಲ, ಕುರುಡಾಗಿ ನಂಬಲೂ ಇಲ್ಲ. ಸುಟ್ಟ ಮೈಯ ಒಂದು ಭಾಗಕ್ಕೆ ಮಾತ್ರ ಅದನ್ನು ಹಚ್ಚಿ, ಮರುದಿನ ಎರಡು ಭಾಗಗಳನ್ನೂ ನೋಡಿದನು. ಸುಟ್ಟ ಗಾಯಕ್ಕೆ ತಡಮಾಡದೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಿಸುವದೇ ಉತ್ತಮವೆಂದು ಇಂದು ತಿಳಿದದೆ. ಆದರೂ ಕೇಳಿದ್ದನ್ನು ಪರೀಕ್ಷಿಸಿ ನೋಡುವ ಆತನ ಕ್ರಮವು ಹಳೆಯದಾಗಿಲ್ಲ.

1545ರಲ್ಲಿ ಆತನು ಬಂದೂಕಿನ ಗಾಯಗಳ ವಿಷಯವಾಗಿ ಪುಸ್ತಕವನ್ನು ಬರೆದು, ಬಡ ಕ್ಷೌರಿಕರಿಗೂ ತಿಳಿಯುವಂತೆ ಜನರ ಮಾತಾದ ಫ್ರೆಂಚ್ ಭಾಷೆಯಲ್ಲಿ ಅಚ್ಚುಮಾಡಿಸಿದನು. 1552ರಲ್ಲಿ ಕಾಲು ಕತ್ತರಿಸಿದ ಮೇಲೆ ಕೆಂಪಗೆ ಕಾಯಿಸಿದ ಕಬ್ಬಿಣದಿಂದ ಸುಡುವದನ್ನು ಬಿಟ್ಟು, ರಕ್ತನಾಳಗಳನ್ನು ನೂಲಿನಿಂದ ಕಟ್ಟಿ ರಕ್ತವನ್ನು ನಿಲ್ಲಿಸಿದನು. ಅದೇ ವರುಷ ದಂಡಿನ ಒಬ್ಬ ಆಳಿಗೆ ಕತ್ತಿಯಿಂದ ಹನ್ನೆರಡು ಗಾಯಗಳಾದವು. ಬದುಕಲಾರನೆಂದು ಅವನಿಗೆ ಕುಣಿಯನ್ನು ತೋಡಿಯಾಗಿತ್ತು. ಪಾರೆಯು ಅವನನ್ನು ಬಂಡಿಯಲ್ಲಿ ಮಲಗಿಸಿ, ತಾನೇ ವೈದ್ಯನೂ ಔಷಧಗಾರನೂ ಅಡಿಗೆಯವನೂ ಆಗಿ ನೋಡಿಕೊಂಡನು, ಅವನು ಬದುಕಿದನು.

ಆತನ ಕೆಲಸಗಳಲ್ಲಿ ನಮ್ಮ ಮನೆಗಳಿಗೆ ಅತಿ ಹತ್ತಿರವಾದದ್ದು 1569ರಲ್ಲಿ ನಡೆಯಿತು. ಇಂದಿನ ಬೆಲ್ಜಿಯಮ್ ದೇಶದ ಮೋನ್ಸ್ ಪಟ್ಟಣದ ಬಳಿ ಒಬ್ಬ ಸಿರಿವಂತ ಪ್ರಭುವು ಮೊಣಕಾಲಿನ ಹತ್ತಿರ ಗುಂಡು ತಗಲಿ ಏಳು ತಿಂಗಳಿಂದ ಮಲಗಿದ್ದನು. ಫ್ರಾನ್ಸಿನ ಅರಸನು ಪಾರೆಯನ್ನು ಅಲ್ಲಿಗೆ ಕಳುಹಿಸಿದನು. ಪಾರೆಯು ಗಾಯವನ್ನು ಮಾತ್ರ ನೋಡದೆ ಇಡೀ ಮನುಷ್ಯನನ್ನು ನೋಡಿದನು. ಬಲವಾದ ಜ್ವರ, ಗುಳಿಬಿದ್ದ ಕಣ್ಣುಗಳು, ಒಣಗಿದ ಮೈ. ತೊಡೆಯು ಊದಿ ದುರ್ವಾಸನೆಯ ಕೀವು ಸುರಿಯುತ್ತಿತ್ತು. ಟೊಂಕದ ಕೆಳಗೆ ಅಂಗೈಯಷ್ಟು ಅಗಲದ ಹಾಸಿಗೆ ಹುಣ್ಣು ಬಿದ್ದಿತ್ತು. ಹಗಲೂ ರಾತ್ರಿಯೂ ವಿಶ್ರಾಂತಿಯಿಲ್ಲ. ಅಲುಗಿಸಿದರೆ ನೋವಾಗುವದೆಂದು ಅವನ ಹಾಸಿಗೆಯ ಬಟ್ಟೆಗಳನ್ನು ಬಹು ದಿವಸ ಬದಲಿಸಿರಲಿಲ್ಲ. ಇದನ್ನೆಲ್ಲಾ ನೋಡಿ ಪಾರೆಯು ಇವನು ಉಳಿಯಲಾರನೆಂದು ದುಃಖಪಟ್ಟನು. ಆದರೂ ಕೆಲಸವನ್ನು ಬಿಡಲಿಲ್ಲ.

ಆತನು ತೊಡೆಯನ್ನು ಕೊಯ್ದು ಕೀವಿಗೆ ದಾರಿಮಾಡಿ, ಮುರಿದ ಎಲುಬಿನ ಚೂರುಗಳನ್ನು ತೆಗೆದನು. ಬೇರೊಂದು ಮೆತ್ತನೆಯ ಹಾಸಿಗೆಯನ್ನು ಸಿದ್ಧಮಾಡಿಸಿ, ಶುದ್ಧವಾದ ಅಂಗಿಯನ್ನು ತೊಡಿಸಿ, ಶುದ್ಧವಾದ ಬಟ್ಟೆಗಳ ಮೇಲೆ ರೋಗಿಯನ್ನು ಮಲಗಿಸಿದನು. ಹುಣ್ಣಿನ ಮೇಲೆ ಮೈಭಾರ ಬೀಳದಂತೆ ನವುರಾದ ಗರಿ ತುಂಬಿದ ಸಣ್ಣ ದಿಂಬನ್ನು ಇಡಿಸಿದನು. ಮೊಟ್ಟೆ, ಮಾಂಸದ ಸಾರು, ಕೋಳಿಮಾಂಸ ಇವುಗಳನ್ನು ಕೊಟ್ಟು ಬಲವನ್ನು ಹೆಚ್ಚಿಸಿದನು. ನಿದ್ರೆ ಬರುವದಕ್ಕೋಸ್ಕರ ಎತ್ತರದಿಂದ ಒಂದು ಕೊಪ್ಪರಿಗೆಗೆ ನೀರು ಬೀಳುವಂತೆ ಮಾಡಿ ಮಳೆಯ ಸಪ್ಪಳವನ್ನು ಕೇಳಿಸಿದನು. ಜ್ವರವೂ ನೋವೂ ತಗ್ಗಿದ ಮೇಲೆ ಪಿಟೀಲು ಬಾರಿಸುವವರನ್ನೂ ನಗಿಸುವವನೊಬ್ಬನನ್ನೂ ಕರೆಯಿಸಿದನು. ಸುಮಾರು ಒಂದು ತಿಂಗಳೊಳಗೆ ರೋಗಿಯನ್ನು ಕುರ್ಚಿಯಲ್ಲಿ ಹೊತ್ತು ತೋಟಕ್ಕೆ ಕರೆದುಕೊಂಡು ಹೋದರು; ಆ ಮೇಲೆ ಅವನು ಊರುಗೋಲು ಹಿಡಿದು ನಡೆದನು. ಅವನ ಹುಣ್ಣನ್ನು ಮಾಯಿಸಿದ್ದು ಒಂದು ಮದ್ದಲ್ಲ. ಭಾರ ತಪ್ಪಿಸುವದು, ಶುಚಿ, ಆಹಾರ, ನಿದ್ರೆ, ಸಂತೋಷ ಇವೆಲ್ಲವುಗಳೇ.

ಪಾರೆಯು ಒಬ್ಬರ ತರುವಾಯ ಒಬ್ಬರಾಗಿ ನಾಲ್ವರು ಅರಸರಿಗೆ ಶಸ್ತ್ರವೈದ್ಯನಾದನು. 1575ರಲ್ಲಿ ತನ್ನ ಗ್ರಂಥಗಳನ್ನೆಲ್ಲಾ ಕೂಡಿಸಿ ಪ್ರಕಟಿಸಿದಾಗ, ಲತೀನ್ ಅರಿಯದ ಕ್ಷೌರಿಕನು ಹೀಗೆ ಬರೆಯಬಹುದೋ ಎಂದು ಪಾರಿಸಿನ ಪಂಡಿತ ವೈದ್ಯರು ವಿರೋಧಿಸಿದರು. ಆತನಾದರೋ ತಾನು ಕಣ್ಣಾರೆ ನೋಡಿದ್ದನ್ನೇ ಅವರಿಗೆ ಉತ್ತರವಾಗಿ ಕೊಟ್ಟನು. ಇಷ್ಟು ಕೀರ್ತಿ ಬಂದರೂ, ತಾನು ಪಟ್ಟಿ ಕಟ್ಟುವವನೇ ಹೊರತು ಗುಣಪಡಿಸುವವನು ದೇವರೆಂಬ ಭಾವವನ್ನು ಆತನು ಬಿಡಲಿಲ್ಲ. 1590ನೆಯ ದಶಂಬರ 20ರಲ್ಲಿ ಪಾರಿಸಿನಲ್ಲಿ ತೀರಿಹೋದನು.

ವಾಚಕರೇ, ಆತನು ಮಾಡಿದ್ದನ್ನು ಪ್ರಭುವಿನ ಮನೆಯಲ್ಲಿ ಮಾತ್ರವಲ್ಲ, ಗುಡಿಸಲಿನಲ್ಲಿಯೂ ಮಾಡಬಹುದು. ಹಾಸಿಗೆ ಹಿಡಿದವರನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿರಿ. ಯಾಕಂದರೆ ಎಲುಬು ಒತ್ತಿದಲ್ಲಿ ರಕ್ತವು ಹರಿಯದೆ ಚರ್ಮವು ಸಾಯುವದು. ದಿನಕ್ಕೊಮ್ಮೆಯಾದರೂ ಟೊಂಕ, ಸೊಂಟದ ಎರಡು ಬದಿ, ಹಿಮ್ಮಡಿ, ಮೊಣಕೈ, ಭುಜ, ತಲೆಯ ಹಿಂಭಾಗ ಇವುಗಳನ್ನು ಬೆಳಕಿನಲ್ಲಿ ನೋಡಿರಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಬೇಗ ಕಾಣದು. ಆದಕಾರಣ ಕೈಯಿಂದ ಮುಟ್ಟಿ, ಬಿಸಿ, ಗಡಸು, ನೋವು ಉಂಟೋ ಎಂದು ತಿಳಿದುಕೊಳ್ಳಿರಿ. ಬಣ್ಣಗೆಟ್ಟ ಜಾಗವನ್ನು ತಿಕ್ಕಬೇಡಿರಿ. ಅದರ ಮೇಲೆ ಮಲಗಿಸಲೂ ಬೇಡಿರಿ. ಒದ್ದೆಯಾದ ಬಟ್ಟೆಯನ್ನು ಆಗಲೇ ಬದಲಿಸಿರಿ. ಬೇಳೆ, ಹಾಲು, ಮೊಟ್ಟೆ ಇವುಗಳಲ್ಲಿ ಆದದ್ದನ್ನು ಉಣ್ಣಲು ಕೊಡಿರಿ. ಚರ್ಮವು ಒಡೆದಿದ್ದರೆ ಸಾಬೂನಿನಿಂದ ಕೈ ತೊಳೆದು, ಕುದಿಸಿ ಆರಿಸಿದ ನೀರಿನಿಂದ ಗಾಯವನ್ನು ತೊಳೆದು, ಶುದ್ಧವಾದ ಬಟ್ಟೆಯಿಂದ ಮುಚ್ಚಿರಿ. ಬೂದಿ, ಸೆಗಣಿ, ಮಣ್ಣು ಇವುಗಳನ್ನು ಎಂದಿಗೂ ಹಾಕಬೇಡಿರಿ. ಕುಷ್ಠದಿಂದಾಗಲಿ ಸಕ್ಕರೆ ರೋಗದಿಂದಾಗಲಿ ಕಾಲುಗಳಲ್ಲಿ ಸ್ಪರ್ಶ ತಿಳಿಯದವರ ಪಾದಗಳನ್ನು ಪ್ರತಿ ಸಂಜೆ ನೋಡಿರಿ. ದುರ್ವಾಸನೆ, ಕೀವು, ಹರಡುವ ಊತ, ಕಪ್ಪಾಗುವ ಮಾಂಸ, ಜ್ವರ ಇವುಗಳಲ್ಲಿ ಒಂದು ಕಂಡರೂ ಅದೇ ದಿವಸ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ.