ಜಠರದ ಒಳಗನ್ನು ಕಂಡ ವೈದ್ಯ ರುಡಾಲ್ಫ್ ಷಿಂಡ್ಲರ್

ಎಂಡೋಸ್ಕೋಪಿ ನಡೆಯುತ್ತಿರುವಾಗಲೇ ಕ್ಯಾನ್ಸರ್ ಶಂಕೆಯ ಜಾಗವನ್ನು ಕಂಪ್ಯೂಟರ್ ಪರದೆಯ ಮೇಲೆ ಗುರುತು ಹಾಕಿ ತೋರಿಸುವ ಕಾಲವಿದು. ಜಠರವನ್ನು ಕಣ್ಣಾರೆ ನೋಡಿ ರೋಗ ಪತ್ತೆ ಹಚ್ಚುವ ಈ ವಿದ್ಯೆಗೆ ಭದ್ರ ಬುನಾದಿ ಹಾಕಿದವರು ಜರ್ಮನಿಯ ವೈದ್ಯ ರುಡಾಲ್ಫ್ ಷಿಂಡ್ಲರ್.

1888ರಲ್ಲಿ ಬರ್ಲಿನ್‌ನಲ್ಲಿ ಜನಿಸಿದ ಷಿಂಡ್ಲರ್ ಮೊದಲನೆಯ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದರು. ಹೊಟ್ಟೆನೋವಿನಿಂದ ನರಳುತ್ತಿದ್ದ ಸೈನಿಕರ ಆರೈಕೆ ಮಾಡುತ್ತಲೇ ಅವರಲ್ಲಿ ಜಠರದ ಉರಿಯೂತದ ಬಗೆಗೆ ಕುತೂಹಲ ಮೂಡಿತು. ಅದು ಬದುಕಿನುದ್ದಕ್ಕೂ ಉಳಿಯಿತು.

ಆಗ ಬಳಕೆಯಲ್ಲಿದ್ದುದು ಬಾಗದ ಲೋಹದ ಕೊಳವೆ. ಗಂಟಲಿನಿಂದ ಇಳಿಸುವಾಗ ಕೈ ತುಸು ತಪ್ಪಿದರೂ ಅನ್ನನಾಳಕ್ಕೆ ತೂತು ಬೀಳುವ, ರೋಗಿಯ ಜೀವಕ್ಕೇ ಎರವಾಗುವ ಭಯವಿತ್ತು. ಇಂಥ ಉಪಕರಣದಿಂದಲೇ ಮ್ಯೂನಿಕ್‌ನಲ್ಲಿ ನೂರಾರು ರೋಗಿಗಳನ್ನು ಪರೀಕ್ಷಿಸಿದ ಅವರು, ಕಂಡದ್ದನ್ನು 1923ರಲ್ಲಿ ಸಚಿತ್ರ ಗ್ರಂಥವಾಗಿ ಹೊರತಂದರು. 1932ರಲ್ಲಿ ಬರ್ಲಿನ್‌ನ ಉಪಕರಣ ತಯಾರಕ ಗೇಯೋರ್ಗ್ ವೋಲ್ಫ್ ಅವರೊಡಗೂಡಿ ಅರ್ಧಭಾಗ ಬಾಗಬಲ್ಲ ಹೊಸ ಜಠರದರ್ಶಕವನ್ನು ರೂಪಿಸಿದರು. ಸಾಲಾಗಿ ಜೋಡಿಸಿದ ಹತ್ತಾರು ಮಸೂರಗಳು ಕೊಳವೆ ಬಾಗಿದಾಗಲೂ ಬಿಂಬವನ್ನು ಕಣ್ಣಿಗೆ ಮುಟ್ಟಿಸುತ್ತಿದ್ದವು. ಪರೀಕ್ಷೆಯ ವೇಳೆ ರೋಗಿಯ ತಲೆಯನ್ನು ಅಲುಗದಂತೆ ಹಿಡಿದು ಸಂತೈಸುತ್ತಿದ್ದವರು ಪತ್ನಿ ಗೇಬ್ರಿಯೆಲ್. ಈ ಸಾಧನೆಯಲ್ಲಿ ಆಕೆಯ ಪಾಲು ಚಿಕ್ಕದೇನಲ್ಲ.

ಷಿಂಡ್ಲರ್ ಅವರ ತಂದೆ ಯಹೂದಿ. ನಾಜಿ ಆಡಳಿತ 1934ರಲ್ಲಿ ಷಿಂಡ್ಲರ್ ಅವರನ್ನು ಸೆರೆಗೆ ತಳ್ಳಿತು. ಬಿಡುಗಡೆಯ ನಂತರ, ಅಮೆರಿಕದ ವೈದ್ಯಮಿತ್ರರ ನೆರವಿನಿಂದ ಅದೇ ವರ್ಷ ಷಿಕಾಗೊ ಸೇರಿದರು. ಜರ್ಮನಿ ಕಳೆದುಕೊಂಡ ವಿದ್ಯೆ ಅಮೆರಿಕಕ್ಕೆ ದಕ್ಕಿತು. ಅಲ್ಲಿ ಅವರು ಹಲವರಿಗೆ ತರಬೇತಿ ನೀಡಿದರು; 1941ರಲ್ಲಿ ಜಠರದರ್ಶಕ ತಜ್ಞರ ಸಂಘ ಕಟ್ಟಿದರು. 1947ರಲ್ಲಿ ಜಠರದ ಉರಿಯೂತದ ಕುರಿತೇ ಗ್ರಂಥ ಬರೆದರು.

1957ರಲ್ಲಿ ಬೇಸಿಲ್ ಹಿರ್ಷೋವಿಟ್ಸ್ ಅವರ, ಪೂರ್ಣವಾಗಿ ಬಾಗುವ ಗಾಜಿನ ಎಳೆಯ ಎಂಡೋಸ್ಕೋಪ್ ಬಂದ ಮೇಲೆ ಷಿಂಡ್ಲರ್ ಉಪಕರಣ ಮೂಲೆ ಸೇರತೊಡಗಿತು. ಕೊನೆಗಾಲದಲ್ಲಿ ಮ್ಯೂನಿಕ್‌ಗೆ ಮರಳಿದ ಅವರು 1968ರಲ್ಲಿ ನಿಧನರಾದರು.

ಉಪಕರಣ ಹಳತಾದರೂ ಅವರು ಬೆನ್ನುಹತ್ತಿದ್ದ ಪ್ರಶ್ನೆ ಹಳತಾಗಿಲ್ಲ. 2018ರಲ್ಲಿ ಜಪಾನಿನ ಸಂಶೋಧಕರು 13,584 ಚಿತ್ರಗಳಿಂದ ಕಲಿಸಿದ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ, 2,296 ಚಿತ್ರಗಳನ್ನು 47 ಸೆಕೆಂಡುಗಳಲ್ಲಿ ಪರಿಶೀಲಿಸಿ, 77 ಕ್ಯಾನ್ಸರ್ ಗಾಯಗಳ ಪೈಕಿ 71ನ್ನು ಗುರುತಿಸಿತು. ಕ್ಯಾನ್ಸರ್ ಅಲ್ಲದ 161 ಜಾಗಗಳನ್ನೂ ಕ್ಯಾನ್ಸರ್ ಎಂದಿತು. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಬಣ್ಣಗೆಟ್ಟು ಒರಟಾದ ಜಠರದ ಉರಿಯೂತದ ಕಲೆಗಳು.